ಒಂದೇ ಬುಟ್ಟಿಗೆ ಮುಗಿಬಿದ್ದ ಗಿರಾಕಿಗಳು

ಮಣಿಪಾಲದ ನಮ್ಮ ಆಫೀಸಿನಲ್ಲಿ ಗ್ರಾಫ್ ನೋಡಿಯೇ ವೆಬ್‌ಸೈಟಿನ ಜಾತಕ ಹೇಳುವವನು ನಾನೊಬ್ಬನೇ. ಸೈಟಿನಲ್ಲಿ ನಡೆದದ್ದನ್ನೆಲ್ಲ ಸಾಲು ಸಾಲಾಗಿ ಬರೆದಿಡುವ ಲಾಗ್ ಬಿಡಿಸಿ ಓದುವುದು ಹೊಸಬರ ಕೆಲಸ, ನನಗೆ ಗೆರೆಯ ಏರಿಳಿತ ಸಾಕು ಎಂದು ಕೊಚ್ಚಿಕೊಳ್ಳುತ್ತಿದ್ದೆ. ತಲೆ ಪೂರ್ತಿ ನರೆತಿದ್ದರೂ ಇನ್ನೊಬ್ಬರ ಚಹಾಕ್ಕೆ ಉಪ್ಪು ಹಾಕುವುದನ್ನು ಬಿಟ್ಟವನಲ್ಲ. ನನ್ನ ಕೀಟಲೆಗೆ ನಗದವಳು ಕಾರ್ಕಳದಿಂದ ದಿನಾ ಬಸ್ಸಿನಲ್ಲಿ ಬರುವ ಸಹೋದ್ಯೋಗಿ ಒಬ್ಬಳೇ. ಅದಕ್ಕೇ ಅವಳಿಗೆ ‘ಕರಿಕಲ್ಲು’ ಎಂದು ಹೆಸರಿಟ್ಟಿದ್ದೆ.

ಹೋದ ವರ್ಷ ಉಚ್ಚಿಲದ ಮೀನು ವ್ಯಾಪಾರಿ ಅಕ್ಕನೊಬ್ಬರಿಗೆ ಅವಳು ವೆಬ್‌ಸೈಟ್ ಮಾಡಿದ್ದಳು. ದೋಣಿ ದಡ ಮುಟ್ಟಿದ ಕೂಡಲೇ ಯಾವ ಬುಟ್ಟಿಯಲ್ಲಿ ಯಾವ ಮೀನು ಎಂದು ಅದರಲ್ಲಿ ಕಾಣಬೇಕು. ಕಾಪುವಿನಿಂದ ಕಾರ್ಕಳದವರೆಗಿನ ಹೋಟೆಲಿನವರು ಒಟ್ಟಿಗೇ ನುಗ್ಗಿ ಬುಕ್ ಮಾಡುತ್ತಾರೆ. ಆ ನೂಕುನುಗ್ಗಲನ್ನು ಸೈಟ್ ತಾಳುತ್ತದೆಯೇ ಎಂದು ನೋಡಲು ನಕಲಿ ಗಿರಾಕಿಗಳ ಹಿಂಡನ್ನು ಅದರ ಮೇಲೆ ಬಿಡುವ ಲೋಡ್ ಟೆಸ್ಟ್ ನನ್ನ ಪಾಲಿಗೆ ಬಂತು. ಅವಳು ಒಬ್ಬಳೇ ಮಾಡಿದ ಮೊದಲ ಕೆಲಸ ಅದು. ಟೆಸ್ಟ್ ಪಾಸಾಗದಿದ್ದರೆ ಕೆಲಸವನ್ನು ಬೇರೆಯವರಿಗೆ ಕೊಡುವುದಾಗಿ ಆಫೀಸಿನ ಯಜಮಾನರು ಮೊದಲೇ ಹೇಳಿದ್ದರು.

ಪರೀಕ್ಷೆಗೆ ಬುಟ್ಟಿಗಳ ಹೆಸರು ತುಂಬಿಸಬೇಕಿತ್ತು. ನಾನು ಒಂದೇ ಬುಟ್ಟಿ ಮಾಡಿ, ‘ಕರಿಕಲ್ಲು ಬ್ರಾಂಡ್ ಬಂಗುಡೆ, ನಗುವುದಿಲ್ಲ’ ಎಂದು ಹೆಸರಿಟ್ಟು, ಅಷ್ಟೂ ಗಿರಾಕಿಗಳನ್ನು ಅದರ ಮೇಲೆಯೇ ಛೂ ಬಿಟ್ಟೆ. ಯಾರು ನೋಡುತ್ತಾರೆ ಎಂಬ ಧೈರ್ಯ.

ಅಕ್ಕನೂ ಬಂದಿದ್ದ ಮೀಟಿಂಗಿನಲ್ಲಿ ಗ್ರಾಫನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ತೋರಿಸಿದೆ. ಉತ್ತರ ಬರಲು ಹಿಡಿದ ಸಮಯದ ಗೆರೆ ಗುಡ್ಡದ ಹಾಗೆ ಏರಿತ್ತು.

“ನೋಡಿ, ಕೋಡ್ ಬರೆದದ್ದೇ ಸರಿ ಇಲ್ಲ. ಇದ್ರಲ್ಲಿ ಬುಕ್ ಮಾಡಿದ್ರೆ ಹಸಿಮೀನು ಕೈಗೆ ಬರುವಾಗ ಒಣಮೀನಾಗಿರ್ತದೆ” ಎಂದೆ.

ಎಲ್ಲರೂ ನಕ್ಕರು. ಅಕ್ಕ ಮಾತ್ರ, “ಹಾಗಾದ್ರೆ ಎಂತ ಮಾಡುದು? ನಂಗೆ ಸೀಸನ್ ಹೋಗ್ತದಲ್ಲ ಮಾರಾಯ್ರೆ” ಎಂದರು.

“ಬೇರೆಯವರಿಗೆ ಕೊಡುವ” ಎಂದು ಯಜಮಾನರು ಎದ್ದರು.

“ಒಂದು ನಿಮಿಷ ಸರ್,” ಎಂದಳು ಅವಳು. “ನನ್ನ ಕೋಡ್ ಭಾರ ಆಗಿದ್ರೆ ಮೆಷಿನ್ ಬೆವರ್ಬೇಕಿತ್ತಲ್ವಾ? ಅದು ಕೆಲಸ ಇಲ್ಲದೆ ಕೂತಿದೆ. ಲಾಗ್ ನೋಡುವ.”

“ಲಾಗ್ ಎಂತಕ್ಕೆ? ಗ್ರಾಫ್ ಸಾಕು” ಎಂದೆ. ನನ್ನ ಸ್ವರ ನನಗೇ ತೆಳುವಾಗಿ ಕೇಳಿಸಿತು.

ಅವಳು ಅದನ್ನು ಅದೇ ಗೋಡೆಯ ಮೇಲೆ ತೆರೆದೇಬಿಟ್ಟಳು. ‘ಕರಿಕಲ್ಲು ಬ್ರಾಂಡ್ ಬಂಗುಡೆ, ನಗುವುದಿಲ್ಲ: ಗಿರಾಕಿ ಸರದಿಯಲ್ಲಿ ಕಾಯುತ್ತಿದ್ದಾರೆ’ ಎಂದಿತ್ತು ಮೊದಲ ಸಾಲು. ಕೆಳಗಿನ ಸಾಲೂ ಅದೇ. ಅದರ ಕೆಳಗಿನದ್ದೂ. ಅವಳು ಹೆಸರಿನ ತಂಟೆಗೇ ಹೋಗದೆ, ಸಾಲಿನ ಕೊನೆಯ ಮಾತಿಗೆ ಬೆರಳಿಟ್ಟಳು.

“ಒಬ್ಬರು ಬುಟ್ಟಿ ಹಿಡಿದಾಗ ಇನ್ನೊಬ್ಬರು ಕಾಯ್ಬೇಕು. ಇಲ್ಲದಿದ್ರೆ ಒಂದೇ ಮೀನು ಇಬ್ಬರಿಗೆ ಮಾರಿಹೋಗ್ತದೆ. ಇವರು ಇಟ್ಟದ್ದೇ ಒಂದು ಬುಟ್ಟಿ, ಮತ್ತೆ ಎಲ್ಲರೂ ಕಾಯದೆ ಎಂತ ಮಾಡುದು?”

“ಅದು ಸರಿ. ಈ ಕರಿಕಲ್ಲು ಯಾರು?” ಎಂದರು ಅಕ್ಕ.

ಆಫೀಸಿಗೆ ಆಫೀಸೇ ಮೇಜು ನೋಡತೊಡಗಿತು.

“ನಾನು” ಎಂದಳು ಅವಳು.

ಅಕ್ಕ ನನ್ನತ್ತ ತಿರುಗಿದರು. “ನಿಮ್ಗೆ ಪ್ರಾಯ ಎಷ್ಟಾಯ್ತು?”

ಎಂಥೆಂಥವರ ಬಾಯಿ ಮುಚ್ಚಿಸಿದವನು ನಾನು. ಆ ಒಂದು ಪ್ರಶ್ನೆಗೆ ಎದ್ದು ಹೋಗಿ ಪ್ರೊಜೆಕ್ಟರ್ ಆರಿಸಿದೆ. ಮರುದಿನ ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದಷ್ಟೇ ಹೇಳಿ ಯಜಮಾನರು ಹೊರಗೆ ಹೋದರು.

ಮರುದಿನ ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ಅವಳು ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟಳು. “ಬುಟ್ಟಿ ಎಲ್ಲ ಬೇರೆ ಬೇರೆ ಮಾಡಿದ್ದೇನೆ. ಒಮ್ಮೆ ನೋಡಿ. ನೀವು ಸರಿ ಅಂದ ಮೇಲೆಯೇ ಓಡಿಸುದು.”

ಬೈದಿದ್ದರೆ ಹಗುರವಾಗುತ್ತಿದ್ದೆ. ಅಂಜಲ್, ಕಾಣೆ, ಸಿಗಡಿ ಎಂದು ಮೀನಿನ ಹೆಸರುಗಳನ್ನು ಸಾಲು ಸಾಲಾಗಿ ತಲೆ ತಗ್ಗಿಸಿ ಓದಿದೆ. ಪರೀಕ್ಷೆ ಓಡಿತು. ಗೆರೆ ಕೊನೆಯವರೆಗೂ ಏಳಲಿಲ್ಲ. ಈ ಸಲ ಲಾಗನ್ನೂ ಪೂರ್ತಿ ಓದಿದೆ. ಕೆಲಸ ಅವಳಲ್ಲೇ ಉಳಿಯಿತು.

ಅವಳಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಹೊರಟೆ. ನಾಲಿಗೆಗೆ ಬಂದ ಪ್ರತಿ ಮಾತಿಗೂ ಒಂದು ಕೀಟಲೆಯ ಬಾಲ ಅಂಟಿಕೊಂಡಿತ್ತು. ಒಂದೊಂದನ್ನೇ ನುಂಗಿದೆ.

“ಸರಿ ಉಂಟು” ಎಂದೆ ಕಡೆಗೆ.

“ಹ್ಞಾ” ಎಂದು ಅವಳು ಬಸ್ಸಿಗೆ ಹೊರಟಳು.