ಬೇಕರಿಯ ಒಲೆಗೆ ಮುಂಚೆ ಅರ್ಥಿಂಗು

ವೈರಿಂಗ್ ಕಂಟ್ರಾಕ್ಟರ್ ಲೈಸೆನ್ಸು ನನ್ನ ಹೆಸರಿಗೆ ಬಂದ ಮೇಲೆ ಸಿಕ್ಕಿದ ಮೊದಲ ದೊಡ್ಡ ಕೆಲಸ ಹೊಳೆನರಸೀಪುರದ್ದು. ಅರಕಲಗೂಡಿನಿಂದ ಬೈಕಿನಲ್ಲಿ ಹೊರಟಾಗ ಖುಷಿಗೆ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದೆ. "ಸುಮ್ನೆ ಕೂತ್ಕೊಳೇ, ಬೈಕು ಅಳ್ಳಾಡ್ತದೆ" ಎಂದು ಗಂಡ ಬೈದರೂ ಬಾಯಿ ನಿಲ್ಲಲಿಲ್ಲ.

ಅದು ಪೇಟೆಯೊಳಗಿನ ಎರಡಂತಸ್ತಿನ ಕಟ್ಟಡ. ಕೆಳಗೆ ಮಾಲೀಕರ ದಿನಸಿ ಅಂಗಡಿ. ಮೇಲೆ ಅವರ ಮಗಳು ಬೇಕರಿ ತೆರೆಯುವವಳಿದ್ದಳು. ಅವಳ ಕರೆಂಟ್ ಒಲೆಗೆ ಹಳೆಯ ಲೈನು ಸಾಲದೆಂದು ಎರಡನೆಯ ಮೀಟರು ಮಂಜೂರಾಗಿತ್ತು. ಸೋರಿದ ಕರೆಂಟು ಮನುಷ್ಯರನ್ನು ಬಿಟ್ಟು ನೆಲಕ್ಕಿಳಿಯಲು ದಾರಿ ಬೇಕಲ್ಲ, ಆ ಅರ್ಥಿಂಗಿಗೆ ಹಿತ್ತಲಿನಲ್ಲಿ ಗುಂಡಿಯ ಗುರುತು ಹಾಕಿದೆ. ಹೊಸದನ್ನು ಕೆಳಗಿನ ಅಂಗಡಿಯ ಅರ್ಥಿಂಗಿಗೂ ಸೇರಿಸಬೇಕು ಎಂದದ್ದೇ ಮಾಲೀಕರು ಅಡ್ಡ ಬಂದರು.

"ಅವ್ಳ ಮೀಟ್ರು ಅವ್ಳಿಗೆ, ನನ್ ಮೀಟ್ರು ನಂಗೆ. ಎರಡ್ನೂ ಯಾಕವ್ವ ಗಂಟಾಕ್ತೀಯ? ಅವ್ಳ ಒಲೆ ಕೆಟ್ರೆ ನನ್ ಅಂಗ್ಡೀಲಿ ಕರೆಂಟ್ ಒಡೀತದೆ."

"ಸೇರಿಸ್ದೇ ಇದ್ರೇನೇ ಅಣ್ಣ ಅಪಾಯ. ನೀರಿನ ಮೋಟ್ರು ನಿಮ್ಮ ಲೈನಿಂದು, ಒಲೆ ಅವ್ಳ ಲೈನಿಂದು. ಒಂದ್ ಕೈಲಿ ನಲ್ಲಿ, ಇನ್ನೊಂದ್ ಕೈಲಿ ಒಲೆ ಮುಟ್ಟಿದ್ಲು ಅನ್ಕೊಳಿ. ಎರಡ್ರ ಅರ್ಥಿಂಗೂ ಬ್ಯಾರೆ ಬ್ಯಾರೆ ಆಗಿದ್ರೆ ಕರೆಂಟು ಅವ್ಳ ಮೈಯೊಳಗೇ ದಾಟ್ತದೆ."

ಅವರು ಗೊಣಗುತ್ತಿರುವಾಗಲೇ ಬಲ್ಬಿನ ಒಂದು ವೈರನ್ನು ಲೈನಿಗೂ ಇನ್ನೊಂದನ್ನು ಹಳೆಯ ಅರ್ಥಿಂಗಿಗೂ ಹಚ್ಚಿ ನೋಡಿದೆ; ಅರ್ಥಿಂಗು ಸರಿಯಿದ್ದರೆ ಬಲ್ಬು ಪೂರ್ತಿ ಉರಿಯಬೇಕು. ಬಲ್ಬಿನೊಳಗಿನ ತಂತಿ ಕೆಂಪಗೆ ಮಿಣುಕಿತು, ಅಷ್ಟೇ.

"ನಿನ್ ಬಲ್ಬೇ ಓಗೈತೆ!"

ಅದೇ ಬಲ್ಬನ್ನು ಅರ್ಥಿಂಗು ಬಿಟ್ಟು, ಕರೆಂಟು ವಾಪಸು ಹೋಗುವ ನ್ಯೂಟ್ರಲ್ ವೈರಿಗೆ ಹಚ್ಚಿದೆ. ಝಗ್ಗನೆ ಉರಿಯಿತು. ಕೆಟ್ಟಿದ್ದು ಅರ್ಥಿಂಗೇ; ಹಳೆಯ ಗುಂಡಿ ಕೆದಕಿದರೆ ಪೈಪು ತುಕ್ಕು ಹಿಡಿದು ಪುಡಿಯಾಗಿತ್ತು.

"ಅಪ್ಪಾ, ಮೋಟ್ರು ಓಡುವಾಗ ನಲ್ಲಿ ಜುಮ್ ಅಂತದೆ ಅಂತ ನಾನ್ ಬಡ್ಕೊಂಡೆ. ನೀನು ಥಂಡಿ ಕಣವ್ವ ಅಂದೆ!" ಮಗಳು ಕೂಗಿದಳು.

ಮಾಲೀಕರ ಮುಖ ಬಿಳುಚಿತು. ಪಂಚೆ ಎತ್ತಿಕಟ್ಟಿ, ನನ್ನ ಗಂಡನ ಕೈಯಿಂದ ಹಾರೆ ಕಿತ್ತುಕೊಂಡು ತಾವೇ ಅಗೆಯತೊಡಗಿದರು. ಅಂಗಡಿಯಿಂದ ಉಪ್ಪಿನ ಚೀಲವೂ ಅವರದೇ ಬಂತು. ಹಳೆಯ ಗುಂಡಿಗೂ ಹೊಸ ಪೈಪು ಇಳಿಸಿ, ಎರಡಕ್ಕೂ ಇದ್ದಿಲು, ಉಪ್ಪು ತುಂಬಿ ನೀರು ಹೊಯ್ದೆವು. ಎರಡನ್ನೂ ತಾಮ್ರದ ಪಟ್ಟಿಯಿಂದ ಬಿಗಿದು ಸೇರಿಸಿ ಮತ್ತೆ ಬಲ್ಬು ಹಚ್ಚಿದೆ. ಹಗಲಲ್ಲೂ ಕಣ್ಣು ಕುಕ್ಕುವಂತೆ ಉರಿಯಿತು! ನಾನೂ ಮಗಳೂ ಒಬ್ಬರ ಕೈ ಒಬ್ಬರು ಹಿಡಿದು ಕುಣಿದೇಬಿಟ್ಟೆವು.

ಅಂಗಡಿಯ ಲೈನಿಗೂ ಕರೆಂಟು ಸೋರಿದರೆ ಆಫಾಗುವ ಬ್ರೇಕರು ಹಾಕಿ ಮೋಟರಿನ ಸ್ವಿಚ್ಚು ಒತ್ತಿದರೆ, ಬ್ರೇಕರು ಟಪ್ಪನೆ ಬಿತ್ತು. ಕಳ್ಳ ಸಿಕ್ಕಿಬಿದ್ದ! ಮೋಟರಿನ ವೈರೊಂದು ಸವೆದು ಕಬ್ಬಿಣಕ್ಕೆ ತಾಗುತ್ತಿತ್ತು. ಗಂಡ ಅದನ್ನು ಬದಲಿಸಿದ ಮೇಲೆ ಬ್ರೇಕರು ಬೀಳದೆ ನಿಂತಿತು, ಮೋಟರು ಓಡಿತು.

ಬೇಕರಿಯ ಹೊಸ ಮೀಟರಿಗೆ ಲೈನು ಕೊಟ್ಟ ದಿನ ಮತ್ತೆ ಹೋದೆವು. ಒಲೆಯಿಂದ ಬನ್ನಿನ ಮೊದಲ ತಟ್ಟೆ ಹೊರಬಂದಾಗ ಮಾಲೀಕರೇ ಒಂದನ್ನು ಎತ್ತಿ ನನ್ನ ಕೈಗಿಟ್ಟರು.

"ಮಲ್ಲಿಪಟ್ಟಣದಾಗೆ ನನ್ ತಮ್ಮಂದು ಅಕ್ಕಿ ಮಿಲ್ಲೈತೆ. ಅಲ್ಲೂ ಒಸಿ ನೋಡವ್ವ."

ಗಂಡ ನನ್ನ ಮುಖ ನೋಡುವಷ್ಟರಲ್ಲಿ, ಬಾಯಿ ಸುಡುವ ಬನ್ನಿನ ನಡುವೆಯೇ ಹೇಳಿಬಿಟ್ಟಿದ್ದೆ: "ನಾಳೀಕೇ ಓಯ್ತೀವಿ ಅಣ್ಣ!"