ಏಲೂರಿನ ಖಾಲಿ ಬೆಂಚು

ಎರಡು ಸಾವಿರದ ದಶಕದ ಶುರುವಿನ ಮಾತು. ಕೊಚ್ಚಿ ಬಳಿಯ ಏಲೂರಿನ ಕಾರ್ಖಾನೆಗಳ ಗಂಡಸರಿಗಾಗಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂಜೆ ಹೊತ್ತು ಸಂತಾನ ನಿಯಂತ್ರಣದ ಆಪರೇಷನ್ ಕ್ಲಿನಿಕ್ ತೆರೆಯಬೇಕೆಂದು ತಿರುವನಂತಪುರದ ಪಟ್ಟಂನಲ್ಲಿದ್ದ ನಮ್ಮ ಕುಟುಂಬ ಯೋಜನೆ ಸಂಸ್ಥೆಯ ಕಚೇರಿಯಲ್ಲಿ ಹಟ ಹಿಡಿದವಳು ನಾನೇ. ಹಗಲು ಪಾಳಿ ಬಿಟ್ಟವರು ಹಾಗೇ ಒಳಗೆ ಬಂದು ಹೋಗಲಿ, ರಜೆ ಹಾಕುವ ತಾಪತ್ರಯ ಬೇಡ ಎಂಬುದು ನನ್ನ ಲೆಕ್ಕಾಚಾರ. ಆರೋಗ್ಯ ಇಲಾಖೆಯವರು ಒಪ್ಪಿದರು, ಡಾಕ್ಟರನ್ನೂ ಕೊಟ್ಟರು. ಬೆಂಚು ಮಾತ್ರ ಖಾಲಿ. ತಿರುವನಂತಪುರದಿಂದ ಕೊಚ್ಚಿಗೆ ರೈಲಿನಲ್ಲಿ ಓಡಾಡಿ ನನ್ನ ಸೊಂಟ ಬಿದ್ದುಹೋಯಿತೇ ಹೊರತು ಒಬ್ಬ ಪುಣ್ಯಾತ್ಮನೂ ಬರಲಿಲ್ಲ.

ಸರಿ, ನಾವೇ ಹೋಗೋಣವೆಂದು ಕಾರ್ಮಿಕರ ಸಭೆ ಕರೆದೆವು. ಹೊಲಿಗೆಯಿಲ್ಲ, ಬೇಗ ಎದ್ದು ಓಡಾಡಬಹುದು, ಶಕ್ತಿ ಎಲ್ಲೂ ಹೋಗುವುದಿಲ್ಲ ಎಂದು ನನ್ನ ಹರಕು ಮಲಯಾಳದಲ್ಲಿ ಒದರಿದೆ. ಹಿಂದೆ ಕೂತಿದ್ದ ಮೀಸೆಯವನೊಬ್ಬ ನಿಧಾನವಾಗಿ ಎದ್ದು, ಅಕ್ಕಾ ಎಂದು ಕರೆದು ಕೇಳಿದ:

"ಚೇಚೀ, ನಿಮ್ಮ ಮನೆಯವರು ಮಾಡಿಸಿಕೊಂಡಿದ್ದಾರಾ?"

ಸಭೆಯೆಲ್ಲ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು, ಏಕೆಂದರೆ ಮಾಡಿಸಿಕೊಂಡಿರಲಿಲ್ಲ. ಎರಡನೇ ಹೆರಿಗೆಯಲ್ಲಿ ಬಿ.ಪಿ. ಏರಿ ನಾನು ಸತ್ತು ಬದುಕಿದ್ದೆ. ಇನ್ನೊಂದು ಬಸಿರು ನಿಂತರೆ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು. ಮಾತ್ರೆ, ಕಾಪರ್-ಟಿ ವಂಕಿ ಎರಡೂ ನನಗೆ ಒಗ್ಗಿರಲಿಲ್ಲ. ತಿಂಗಳು ತಿಂಗಳೂ ಕ್ಯಾಲೆಂಡರ್ ಮುಂದೆ ನಿಂತು ಹೆದರುತ್ತಿದ್ದೆ. ರಾಕೆಟ್ ಕೇಂದ್ರದಲ್ಲಿ ವಿಜ್ಞಾನಿಯಾದ ನನ್ನ ಗಂಡ ಮಾತ್ರ ಈ ಲಾಂಚ್ ಒಂದು ಮುಗಿಯಲಿ ಎನ್ನುತ್ತಲೇ ಇದ್ದರು. ಒಂದು ಮುಗಿದರೆ ಇನ್ನೊಂದು ಇದ್ದೇ ಇರುತ್ತಿತ್ತು.

ಮನೆಗೆ ಬಂದವಳೇ ಅಡುಗೆಮನೆಯಲ್ಲಿ ಮೀಸೆಯವನ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಅಳುವೂ ಬಂತು, ತಡೆಯಲಿಲ್ಲ. ಅವರು, ಆಗಲಿ, ಆದರೆ ಅವ್ವನಿಗೆ ಗೊತ್ತಾಗಬಾರದು ಎಂದರು. ಧಾರವಾಡದಿಂದ ಬಂದು ನಮ್ಮೊಂದಿಗಿದ್ದ ಅತ್ತೆಯ ಎದುರು ಇಂಥ ಮಾತೆತ್ತುವ ಧೈರ್ಯ ನನಗೂ ಇರಲಿಲ್ಲ. ಮಗನ ಮೈಮೇಲೆ ಕತ್ತರಿ ಹಾಕಿಸಿದಳು ಎಂದು ಊರೆಲ್ಲ ಸಾರಿಯಾರು ಎಂಬ ಭಯ.

ಕಚೇರಿ ಕೆಲಸವೆಂದು ಸುಳ್ಳು ಹೇಳಿ ಇಬ್ಬರೂ ಕೊಚ್ಚಿಗೆ ಹೊರಟೆವು. ಪಾಳಿ ಬಿಡುವ ಹೊತ್ತಿಗೆ ಆ ಬೆಂಚಿನ ಮೇಲೆ ಇವರೊಬ್ಬರೇ, ಬೆವರೊರೆಸಿಕೊಳ್ಳುತ್ತಾ. ಬಾಗಿಲಲ್ಲಿ ಇಣುಕಿದವರಲ್ಲಿ ಮೀಸೆಯವನೂ ಇದ್ದ. ಯಾರು ಇವರು ಎಂದು ಕೇಳಿದ; ನಮ್ಮ ಯಜಮಾನರು ಎಂದೆ. ಅವನು ಹೋಗಿ ಅವರ ಪಕ್ಕದಲ್ಲಿ ಕೂತ. ಆಮೇಲೆ ಆ ಬೆಂಚು ಖಾಲಿ ಬಿದ್ದದ್ದನ್ನು ನಾನು ಕಾಣೆ.

ಕೆಲವು ತಿಂಗಳ ನಂತರ, ಆಪರೇಷನ್ ಫಲಿಸಿತೇ ಎಂದು ನೋಡುವ ಪರೀಕ್ಷೆಯೂ ಆಯಿತು. ಇನ್ನು ಹೆದರಬೇಕಿಲ್ಲ ಎಂದು ಡಾಕ್ಟರು ಕಚೇರಿಗೇ ಫೋನ್ ಮಾಡಿದರು. ಅಬ್ಬಾ, ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಪಟ್ಟಂನಿಂದ ಮನೆಯವರೆಗೆ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ. ವರಾಂಡದಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ನನ್ನ ಮುಖ ನೋಡಿ, ಎಲ್ಲಾ ಸಸೂತ್ರ ಆತೇನು ಎಂದರು. ಯಾವುದು ಅತ್ತೆ ಎಂದೆ.

"ಅವತ್ತ ಅಡಗಿಮನ್ಯಾಗ ನೀ ಅಳೂದು ಕೇಳಿಸಿತ್ತವಾ," ಎಂದರು ಅವರು, ಮೊರದಿಂದ ಕಣ್ಣೆತ್ತದೆ. "ನಾ ಏಳು ಹಡದೆ. ಸಾಕಾತೇನು ಅಂತ ಯಾರೂ ನನ್ನ ಕೇಳಲಿಲ್ಲ. ಹೋಗು, ಇವತ್ತರೆ ನಿಶ್ಚಿಂತಿಯಿಂದ ಮಲಕ್ಕೋ."