ಇಪ್ಪತ್ತು ಡಿಗ್ರಿಯಲ್ಲಿ ಬಂದ ಬಿಳುಪು

ಔಷಧ ಸಂಶೋಧನಾಲಯದ ಮೂರನೆಯ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ದುಡಿದ ಆಕೆಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಸಾಬೂನಿನ ಜಾತಿಯ ಒಂದು ಪುಡಿಯನ್ನು ನೀರಿಗೆ ಚೂರುಚೂರೇ ಸೇರಿಸುತ್ತ ಹೋದರೆ, ಒಂದು ಹಂತದಲ್ಲಿ ಅದರ ಅಣುಗಳು ಗುಂಪುಗೂಡುತ್ತವೆ. ನೀರಿನಲ್ಲಿ ನೋವಿನ ಔಷಧವೂ ಇದ್ದರೆ ಆ ಹಂತ ಎಷ್ಟು ಬೇಗ ಬರುತ್ತದೆ, ಶಾಖ ಏರಿದಂತೆ ಹೇಗೆ ಸರಿಯುತ್ತದೆ ಎಂದು ವಿದ್ಯುತ್ ಹರಿಸಿ ಅಳೆಯುವುದು ಅಕ್ಕನ ಕೆಲಸ. ಆ ಅಂಕಿಗಳಿಂದ ಪುಡಿಗೂ ಔಷಧಕ್ಕೂ ಇರುವ ಸೆಳೆತದ ಬಲವನ್ನು ಪ್ರೊಫೆಸರ್ ಲೆಕ್ಕ ಹಾಕುತ್ತಿದ್ದರು.

ಒಂದು ವರ್ಷ ಅಂಕಿಗಳು ಇದ್ದಕ್ಕಿದ್ದಂತೆ ಹದಗೆಟ್ಟವು. ನಲವತ್ತು ಡಿಗ್ರಿಯಲ್ಲಿ ತಿಳಿಯಾಗಿದ್ದ ನೀರು, ಇಪ್ಪತ್ತಕ್ಕೆ ಇಳಿಸಿದರೆ ಹಾಲು ಬೆರೆಸಿದಂತೆ ಬೆಳ್ಳಗಾಗುತ್ತಿತ್ತು.

"ಗಾಜು ಸರಿಯಾಗಿ ತೊಳೆದಿಲ್ಲ ನೀವು," ಎಂದರು ಪ್ರೊಫೆಸರ್.

"ಮೂರು ಸಲ ತೊಳೆದಿದ್ದೀನಿ ಸರ್."

"ನಾಲ್ಕನೇ ಸಲ ತೊಳೀರಿ."

ಬೆರಳ ತುದಿ ಸುಕ್ಕುಗಟ್ಟುವವರೆಗೆ ತೊಳೆದಳು. ನಾಲ್ಕು ತಿಂಗಳು ಅದೇ ಬಿಳುಪು, ಅದೇ ಬೈಗುಳ.

ಒಂದು ಸಂಜೆ ಮನೆಯಲ್ಲಿ ಅತ್ತೆ ಮಂಡಿನೋವಿನ ಮಾತ್ರೆಯ ಎರಡು ಪಟ್ಟಿ ಹಿಡಿದು ಕೂತಿದ್ದರು. "ನೋಡಮ್ಮ, ಅಂಗಡಿಯವನು ಬೇರೆ ಯಾವುದೋ ಕೊಟ್ಟಿದ್ದಾನೆ."

"ಹೆಸರು ಒಂದೇ ಇದೆಯಲ್ಲ ಅತ್ತೆ," ಎನ್ನುತ್ತಲೇ ಅವಳ ಕಣ್ಣು ಸಣ್ಣಕ್ಷರದ ಮೇಲೆ ಬಿತ್ತು. ಔಷಧ ಅವಳು ದಿನಾ ಅಳೆಯುವುದೇ; ಹಳೆಯದರಲ್ಲಿ ಅದರ ಸೋಡಿಯಂ ಲವಣ, ಹೊಸದರಲ್ಲಿ ಪೊಟ್ಯಾಸಿಯಂ ಲವಣ.

ಮರುದಿನ ಹೆಗಲ ಚೀಲ ಇಳಿಸದೆಯೇ ಕಪಾಟು ತೆರೆದಳು. ಔಷಧದ ಸೀಸೆಯ ಮೇಲೂ ಪೊಟ್ಯಾಸಿಯಂ! ಪೊಟ್ಯಾಸಿಯಂ ಸೇರಿದರೆ ಆ ಪುಡಿ ತಂಪಿನಲ್ಲಿ ಕರಗದೆ ಬೇರ್ಪಡುತ್ತದೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ದಿನಾ ಕೈಯಲ್ಲಿ ಹಿಡಿದ ಸೀಸೆಯ ಚೀಟಿಯನ್ನೇ ಓದಲಿಲ್ಲವಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು.

"ಸೋಡಿಯಂದು ಸಿಗಲಿಲ್ಲ. ಎರಡೂ ಒಂದೇ ಔಷಧ ತಾನೆ?" ಎಂದ, ಅದನ್ನು ತರಿಸಿದ್ದ ಉಗ್ರಾಣದವನು.

"ನುಂಗೋಕೆ ಒಂದೇ ಕಣಪ್ಪಾ, ಅಳೆಯೋಕಲ್ಲ!"

ಪ್ರೊಫೆಸರ್ ಚೀಟಿ ಓದಿ ಕನ್ನಡಕ ತೆಗೆದರು. "ಹಾಗಾದ್ರೆ ನಾಲ್ಕು ತಿಂಗಳು ದಂಡ. ಮೊದಲಿಂದ ಶುರು ಮಾಡಿ."

"ಮತ್ತೆ ಗಾಜಿನ ವಿಷಯ, ಸರ್?"

"ಅದೀಗ ಯಾಕೆ, ಬಿಡಿ."

ಅಕ್ಕ ಬಿಡಲಿಲ್ಲ. ದಾಖಲೆ ಪುಸ್ತಕದಲ್ಲಿ ನಿಜವಾದ ಕಾರಣ ಬರೆದು ಇಬ್ಬರ ಸಹಿ ಕೇಳಿದಳು. ಉಗ್ರಾಣದವನು ಹಾಕಿದ. ಪ್ರೊಫೆಸರ್ "ಆಮೇಲೆ" ಎಂದರು.

ಸರಿಯಾದ ಸೀಸೆ ಬಂದ ಮೇಲೆ ಒಂಬತ್ತು ವಾರ ಕೂತು ಎಲ್ಲವನ್ನೂ ಮತ್ತೆ ಅಳೆದಳು. ಇಪ್ಪತ್ತರಲ್ಲೂ ನೀರು ತಿಳಿಯಾಗಿ ನಿಂತಿತು. ಲೆಕ್ಕ ಕೂಡಿಬಂದ ದಿನ ಪ್ರೊಫೆಸರ್ ಎಲ್ಲರಿಗೂ ಟೀ ಹೇಳಿದರು. ಅಕ್ಕ ಲೋಟ ಮುಟ್ಟದೆ ಪುಸ್ತಕ ಬಿಡಿಸಿ, "ಸರ್, ಇಲ್ಲಿ," ಎಂದಳು. ಅವರು ಜೇಬು ತಡಕಿದಾಗ ಪೆನ್ನನ್ನೂ ತಾನೇ ಕೊಟ್ಟಳು.

ಸಹಿ ಬಿತ್ತು. ಒಂದು ಒಳ್ಳೆಯ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ.